ಹಸು ಒಂದು, ಬೆಲೆಗೆ ಮಿತಿಯಿಲ್ಲ

ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಸಿಕ್ಕಿಕೊಂಡ ಗ್ರಾಹಕರನ್ನು ಕಾಪಾಡುವುದರಲ್ಲಿ ನಮ್ಮ ರಾಜ್ಯವು ಇಡೀ ಅಮೆರಿಕಕ್ಕೇ ಮೊದಲನೆಯದು ಎಂದು ನಮ್ಮ ರಾಜ್ಯವೇ ಪ್ರಕಟಿಸಿದ ವರದಿಯಿಂದ ತಿಳಿದುಬಂದಿದೆ. ಈ ಉದ್ದೇಶಕ್ಕಾಗಿ ಪ್ರತಿ ಕೌಂಟಿಯಲ್ಲೂ, ಅಂದರೆ ಜಿಲ್ಲೆಯಲ್ಲೂ, ಒಂದು ಸಾಲಗಾರ ಗ್ರಾಹಕ ಸಂರಕ್ಷಣಾ ಕಚೇರಿ ಇರುತ್ತದೆ. ಬ್ಲೂಸ್ಟೆಮ್ ಕೌಂಟಿಯ ಕಚೇರಿಯು ನ್ಯಾಯಾಲಯದ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆಯ ಪಕ್ಕದಲ್ಲಿದೆ. ಅದರ ಸಮಸ್ತ ಸಿಬ್ಬಂದಿ ನಾನೇ. ಹೆಸರು ಡ್ವೇನ್ ಕ್ಲಾಪ್‌ಸ್ಯಾಡಲ್, ಹುದ್ದೆ ಉಪಗುಮಾಸ್ತ. ಗುಮಾಸ್ತರ ಹುದ್ದೆ ಹದಿನಾಲ್ಕು ವರ್ಷದಿಂದ ಖಾಲಿ ಬಿದ್ದಿದೆ. ಅದನ್ನು ತುಂಬಿದರೆ ಉಪಗುಮಾಸ್ತ ಬೇಕಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಆದ್ದರಿಂದ ನಾನು ಆ ಕುರಿತು ಯಾರಿಗೂ ಪತ್ರ ಬರೆದಿಲ್ಲ.

ನನ್ನ ಕೌಂಟರಿನ ಮೇಲೆ ಒಂದು ಫಲಕವಿದೆ: "ಇಲ್ಲಿ ಕಾನೂನು ಸಲಹೆ ನೀಡಲಾಗುವುದಿಲ್ಲ." ಇದು ತಮಾಷೆಯಲ್ಲ. ಸಲಹೆ ಕೊಡುವ ಹಕ್ಕು ವಕೀಲರಿಗೆ ಮಾತ್ರ. ನಾನು ಬಾಯಿ ತಪ್ಪಿ ಯಾರಿಗಾದರೂ "ಹೀಗೆ ಮಾಡಿ" ಎಂದರೆ ಅಂದೇ ನನ್ನ ಕೆಲಸ ಹೋಗುತ್ತದೆ. ವಕೀಲರನ್ನು ಇಟ್ಟುಕೊಳ್ಳುವಷ್ಟು ದುಡ್ಡಿದ್ದವರು ನನ್ನ ಕೌಂಟರಿಗೆ ಬರುವುದೇ ಇಲ್ಲ ಎಂಬ ಅಂಶವನ್ನು ಇಲಾಖೆ ಗಮನಿಸಿದೆ, ಗಮನಿಸಿ ಕಡತಕ್ಕೆ ಸೇರಿಸಿದೆ. ನಾನು ಮಾಡಬಹುದಾದದ್ದು ಎರಡೇ ಕೆಲಸ: ನಮೂನೆ ಕೊಡುವುದು, ಮತ್ತು ಕೇಳಿದವರಿಗೆ ಕಾನೂನನ್ನು ಗಟ್ಟಿಯಾಗಿ ಓದಿ ಹೇಳುವುದು. ಯಾವ ಸಾಲನ್ನು ಎಷ್ಟು ಸಲ, ಎಷ್ಟು ನಿಧಾನವಾಗಿ ಓದಬೇಕೆಂದು ನಿಯಮದಲ್ಲಿ ಎಲ್ಲೂ ಹೇಳಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ವರ್ಲೀನ್ ಟ್ವೀಟನ್ ಮೆಟ್ಟಿಲಿಳಿದು ಬಂದಳು. ವರ್ಲೀನ್ ನನ್ನ ಜೊತೆ ಶಾಲೆಯಲ್ಲಿ ಓದಿದವಳು, ಈಗ ಐವತ್ತೆಂಟು. ಊರಿನ ದನದ ದಾಣಿ ಮಿಲ್ಲಿನ ಗೇಟಿನ ಎದುರು ವ್ಯಾನ್ ನಿಲ್ಲಿಸಿಕೊಂಡು ಬೆಳಿಗ್ಗೆ ಐದರಿಂದ ಡೋನಟ್ ಮತ್ತು ಕಾಫಿ ಮಾರುತ್ತಾಳೆ. ನಮ್ಮ ಊರು ಆಲ್ಡರ್ ಕ್ರಾಸಿಂಗಿನ ಅರ್ಧ ಗಂಡಸರು ಹೆಂಡತಿಯ ಮುಖ ನೋಡುವ ಮುಂಚೆ ವರ್ಲೀನಳ ಮುಖ ನೋಡುತ್ತಾರೆ. ಆ ದಿನ ಅವಳ ಕೈಯಲ್ಲಿ ಷೆರಿಫ್ ಕಚೇರಿಯ ಜಪ್ತಿ ನೋಟೀಸು ಇತ್ತು.

"ಡ್ವೇನ್, ನನ್ನ ವ್ಯಾನ್ ಎತ್ಕೊಂಡು ಹೋಗ್ತಾರಂತೆ ಕಣೋ."

"ಯಾರಂತೆ?"

"ಫ್ರೆಂಡ್ಲಿ ಪೈನ್ ವಸೂಲಿ ಕಂಪನಿ. ನಾನು ಅವರನ್ನ ಕಂಡಿಲ್ಲ, ಅವರು ನನ್ನನ್ನ ಕಂಡಿಲ್ಲ. ನಾನು ಸಾಲ ತಗೊಂಡಿದ್ದು ಬ್ಯಾಂಕಿಂದ."

ಸಂಗತಿ ಹೀಗಿತ್ತು. ನಾಲ್ಕು ವರ್ಷದ ಹಿಂದೆ ವರ್ಲೀನಳ ಡೋನಟ್ ಕರಿಯುವ ಯಂತ್ರ ಸುಟ್ಟುಹೋಯಿತು. ಅದೇ ವಾರ ಎರಡು ಹಲ್ಲೂ ಕೈಕೊಟ್ಟವು. ಕಾರ್ಡಿನಲ್ಲಿ ಮೂರು ಸಾವಿರದ ಎಂಟುನೂರು ಡಾಲರ್ ಎಳೆದಳು. ಬಡ್ಡಿ, ತಡವಾದದ್ದಕ್ಕೆ ದಂಡ, ದಂಡಕ್ಕೆ ಬಡ್ಡಿ ಸೇರಿ ಅದು ಒಂಬತ್ತು ಸಾವಿರದ ಮುನ್ನೂರ ಹನ್ನೆರಡಾಯಿತು. ಬ್ಯಾಂಕು ಬೇಸತ್ತು ಆ ಸಾಲವನ್ನು ಡಾಲರಿಗೆ ನಾಲ್ಕು ಸೆಂಟಿನಂತೆ ಫ್ರೆಂಡ್ಲಿ ಪೈನ್‌ಗೆ ಮಾರಿತು. ವರ್ಲೀನಳಿಗೇ ನಾಲ್ಕು ಸೆಂಟಿನ ದರದಲ್ಲಿ ಮಾರಿದ್ದರೆ ಅವಳು ಅಲ್ಲೇ ಗಲ್ಲಾಪೆಟ್ಟಿಗೆ ತೆಗೆದು ಕೊಂಡುಬಿಡುತ್ತಿದ್ದಳು. ಆದರೆ ಸಾಲವನ್ನು ಸಾಲಗಾರರಿಗೆ ಮಾರುವ ಪದ್ಧತಿ ಇಲ್ಲ, ಅದರಿಂದ ಶಿಸ್ತು ಕೆಡುತ್ತದೆ.

ಫ್ರೆಂಡ್ಲಿ ಪೈನ್ ಕಂಪನಿ ಕಾನೂನನ್ನು ಒಂದಿಷ್ಟೂ ಮೀರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಬೆಳಿಗ್ಗೆ ಎಂಟಕ್ಕೆ ಮೊದಲು ಫೋನ್ ಮಾಡಬಾರದು ಎಂದಿದೆ. ಅವರು ಸರಿಯಾಗಿ ಎಂಟಕ್ಕೆ ಮಾಡಿದರು. ಬೈಯಬಾರದು ಎಂದಿದೆ, ಅವರು ಆರೋಗ್ಯ ವಿಚಾರಿಸಿದರು.

"ಅಷ್ಟು ಮರ್ಯಾದೆಯಿಂದ ನನ್ನ ಗಂಡನೂ ಮಾತಾಡಿರ್ಲಿಲ್ಲ ಕಣೋ," ಎಂದಳು ವರ್ಲೀನ್. "ಅದಕ್ಕೇ ಕೋರ್ಟಿಂದ ಕಾಗದ ಬಂದಾಗ ನಾನು ತಲೆ ಕೆಡಿಸ್ಕೊಳ್ಳಿಲ್ಲ. ಜಾಹೀರಾತು ಅಂದ್ಕೊಂಡೆ. ಅದೂ ಅಲ್ದೆ ಬೆಳಿಗ್ಗೆ ಒಂಬತ್ತಕ್ಕೆ ಬಾ ಅಂತ ಬರೆದಿದ್ರು. ಒಂಬತ್ತಕ್ಕೆ ಮಿಲ್ಲಲ್ಲಿ ಕಾಫಿ ಬಿಡುವು. ನಾನು ಹೆಂಗೆ ಬರಲಿ?"

ಅವಳು ಬರಲಿಲ್ಲ, ಆದ್ದರಿಂದ ಸೋತಳು. ಸಾಲಗಾರರು ಕೋರ್ಟಿಗೆ ಬಾರದಿರುವುದು ಈ ವ್ಯವಹಾರದ ತಳಪಾಯ. ಅವರೆಲ್ಲ ಬರತೊಡಗಿದರೆ ರಾಜ್ಯಕ್ಕೆ ಇನ್ನೂ ನಲವತ್ತು ನ್ಯಾಯಾಧೀಶರು ಬೇಕಾಗುತ್ತಾರೆ.

"ವ್ಯಾನ್ ಹೋದ್ರೆ ಏನ್ ಮಾಡ್ತೀಯ?" ಎಂದು ಕೇಳಿದೆ. ಇದು ಸಲಹೆಯಲ್ಲ, ಪ್ರಶ್ನೆ.

"ಟರ್ಕಿ ಕೋಳಿ ಕಾರ್ಖಾನೆಗೆ ಹೋಗ್ಬೇಕು. ದಿನಾ ಹತ್ತು ಗಂಟೆ ನಿಂತ್ಕೊಂಡು ಪುಕ್ಕ ಕೀಳ್ಬೇಕು. ಈ ಮಂಡಿ ಇಟ್ಕೊಂಡು ಎರಡು ವಾರ ತಡೀತೀನೋ ಇಲ್ವೋ." ಅವಳು ನಗುತ್ತಲೇ ಹೇಳಿದಳು, ಆದರೆ ನೋಟೀಸನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ನನಗೆ ಸಂಕಟವಾಯಿತು. ಇಪ್ಪತ್ತೆರಡು ವರ್ಷದಿಂದ ನನ್ನ ಬೆಳಗಿನ ತಿಂಡಿ ಅವಳ ದಾಲ್ಚಿನ್ನಿ ಡೋನಟ್ಟು. ಸಂಕಟಕ್ಕೆ ಅದೂ ಸ್ವಲ್ಪ ಕಾರಣ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ನಾನು ನಮೂನೆ ಹನ್ನೊಂದು ತೆಗೆದುಕೊಟ್ಟೆ. ಸಾಲಗಾರರಿಂದ ಯಾವ ಯಾವ ವಸ್ತುವನ್ನು ಜಪ್ತಿ ಮಾಡಬಾರದು ಎಂಬ ಪಟ್ಟಿ ಅದರಲ್ಲಿದೆ. ಪಟ್ಟಿ ೧೮೭೩ನೇ ಇಸವಿಯದು. ಚರ್ಚಿನಲ್ಲಿ ಕುಟುಂಬ ಕೂರುವ ಬೆಂಚು ಒಂದು. ಬೈಬಲ್ ಒಂದು. ಒಲೆ ಒಂದು. ನೂಲುವ ರಾಟೆ ಒಂದು. ಹಂದಿ ಎರಡು. ಕೋಳಿ ಹತ್ತು. ಕಸುಬಿನ ಸಲಕರಣೆ, ಇನ್ನೂರು ಡಾಲರ್ ಮೀರದಂತೆ. ವಾಹನ, ಆರುನೂರು ಡಾಲರ್ ಮೀರದಂತೆ. ಆಮೇಲೆ ಈ ಕಾನೂನಿಗೆ ಹತ್ತೊಂಬತ್ತು ಸಲ ತಿದ್ದುಪಡಿಯಾಗಿದೆ. ವಾಹನದ ಮಿತಿ ಹೆಚ್ಚಿಸೋಣ ಎಂದಾಗಲೆಲ್ಲ ಬ್ಯಾಂಕುಗಳ ಸಂಘದವರು ಜನ ಬೇಜವಾಬ್ದಾರರಾಗುತ್ತಾರೆಂದು ತಡೆದರು. ಪ್ರಾಣಿಗಳನ್ನು ಪಟ್ಟಿಯಿಂದ ತೆಗೆಯೋಣ ಎಂದಾಗಲೆಲ್ಲ ಹೈನುಗಾರರ ಸಂಘದವರು ತಡೆದರು. ಹೀಗಾಗಿ ಹತ್ತೊಂಬತ್ತು ತಿದ್ದುಪಡಿಗಳೂ ಕಾನೂನಿನ ಹೆಸರನ್ನು ಉದ್ದ ಮಾಡುವುದಕ್ಕೆ ಬಳಕೆಯಾದವು. ಈಗ ಆ ಹೆಸರು ಮೂರು ಸಾಲಿದೆ.

"ವಾಹನ ಅಂತ ಇದೆಯಲ್ಲೋ ಇಲ್ಲಿ," ಎಂದಳು ವರ್ಲೀನ್.

"ನಿನ್ನ ವ್ಯಾನಿನ ಬೆಲೆ ಎಷ್ಟು?"

"ಹನ್ನೊಂದು ವರ್ಷದ್ದು. ಆದ್ರೂ ಹದಿನಾಲ್ಕು ಸಾವಿರ ಬರತ್ತೆ ಅಂತಾರೆ."

"ಮಿತಿ ಆರುನೂರು."

"ಆರುನೂರಕ್ಕೆ ಯಾವ ವಾಹನ ಬರತ್ತೋ? ಮಕ್ಕಳ ಸೈಕಲ್ಲಾ?"

"ಉತ್ತರ ಹೇಳಿದ್ರೆ ಸಲಹೆ ಆಗತ್ತೆ, ವರ್ಲೀನ್."

"ಹಂಗಾದ್ರೆ ನೀನು ಇಲ್ಲಿ ಯಾಕೆ ಕೂತಿದೀಯ?"

"ಓದಿ ಹೇಳೋಕೆ."

"ಓದು ಮತ್ತೆ, ಮಹರಾಯ."

ನಾನು ಕನ್ನಡಕ ಹಾಕಿಕೊಂಡು ಓದಿದೆ. "ಹಸು ಒಂದು. ಬೆಲೆಗೆ ಮಿತಿಯಿಲ್ಲ. ಆರು ತಿಂಗಳೊಳಗಿನ ಕರು ಇದ್ದಲ್ಲಿ ಅದೂ ಸೇರಿದಂತೆ."

"ನನ್ನ ಹತ್ರ ಹಸು ಇಲ್ಲ."

"ಹಸು ಒಂದು. ಬೆಲೆಗೆ ಮಿತಿಯಿಲ್ಲ."

"ಕೇಳಿಸ್ತು ಕಣೋ. ಕಿವಿ ನೆಟ್ಟಗಿದೆ ನಂಗೆ."

ನಾನು ಪುಟ ತಿರುಗಿಸಿ ಅದರ ಕೆಳಗಿನ ತಪಾಸಣಾ ಪ್ರಶ್ನೆಗಳನ್ನು ಓದಿದೆ. ೧೮೭೩ರಲ್ಲಿ ಹಸುವೆಂದರೆ ಏನೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಕಾನೂನು ಅದನ್ನು ವಿವರಿಸಲು ಹೋಗಿಲ್ಲ. ನಾಲ್ಕು ಪ್ರಶ್ನೆ ಮಾತ್ರ ಇವೆ. "ಒಂದನೆಯದು: ಅದು ರಾತ್ರಿ ಮನೆಯ ಅಂಗಳದಲ್ಲಿ ನಿಲ್ಲುತ್ತದೆಯೇ? ಎರಡನೆಯದು: ಬೆಳಗಾದರೆ ಅದು ಕೊಡುವುದರಿಂದಲೇ ಮನೆ ನಡೆಯುತ್ತದೆಯೇ? ಮೂರನೆಯದು: ಅದನ್ನು ಮನೆಯವರು ಹೆಸರಿಟ್ಟು ಕರೆಯುತ್ತಾರೆಯೇ? ನಾಲ್ಕನೆಯದು: ದಿನಕ್ಕೆ ಎಷ್ಟು ಹಾಲು?"

ನಮ್ಮ ನೆಲಮಾಳಿಗೆಯ ಕಿಟಕಿ ಮೇಲಿನ ರಸ್ತೆಯ ಮಟ್ಟಕ್ಕಿದೆ. ಅದರಲ್ಲಿ ಜನರ ಬೂಟುಗಳು, ವಾಹನಗಳ ಚಕ್ರಗಳು ಮಾತ್ರ ಕಾಣುತ್ತವೆ. ವರ್ಲೀನ್ ಬಹಳ ಹೊತ್ತು ಆ ಕಿಟಕಿಯನ್ನೇ ನೋಡಿದಳು. ಅಲ್ಲಿ ಅವಳ ವ್ಯಾನಿನ ಎರಡು ಚಕ್ರಗಳಿದ್ದವು.

"ಹೆಸರು ಇಂಗಾ," ಎಂದಳು ಕೊನೆಗೆ. "ನಮ್ಮಜ್ಜಿ ಹೆಸರು. ಹಾಲು ಹತ್ತು ಗ್ಯಾಲನ್. ಕಾಫಿ ಕೌಂಟರ್ ಪಕ್ಕ ನಲ್ಲಿಗಳು ಇವೆಯಲ್ಲ, ಅವುಗಳಿಂದ."

"ಬರಿ," ಎಂದೆ. ತಕ್ಷಣ ನಾಲಿಗೆ ಕಚ್ಚಿಕೊಂಡು, "ನಮೂನೆಯನ್ನು ಶಾಯಿ ಪೆನ್ನಿನಿಂದ ತುಂಬತಕ್ಕದ್ದು," ಎಂದು ಓದಿದೆ.

ಮರುದಿನ ನ್ಯಾಯಾಲಯದ ಬಾಗಿಲಿಗೆ ಕೆಳಕಂಡ ಪ್ರಕಟಣೆಯನ್ನು ಅಂಟಿಸಲಾಯಿತು:

"ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಆಲ್ಡರ್ ಕ್ರಾಸಿಂಗ್ ನಿವಾಸಿ ವರ್ಲೀನ್ ಟ್ವೀಟನ್ ಎಂಬವರು ತಮ್ಮ ಸ್ವಾಧೀನದಲ್ಲಿರುವ, ಇಂಗಾ ಎಂಬ ಹೆಸರಿನ, ಬಿಳಿ ಬಣ್ಣದ, ಎಡ ಪಕ್ಕೆಯ ಮೇಲೆ ಡೋನಟ್ ಚಿತ್ರವುಳ್ಳ, ಹನ್ನೊಂದು ವರ್ಷ ಪ್ರಾಯದ ಹಸುವೊಂದನ್ನು ಜಪ್ತಿಯಿಂದ ಮುಕ್ತಗೊಳಿಸುವಂತೆ ಕೋರಿರುತ್ತಾರೆ. ಸದರಿ ಹಸುವಿನ ಬಗ್ಗೆ ಆಕ್ಷೇಪಣೆ ಉಳ್ಳವರು ಹತ್ತು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು. ಅವಧಿ ಮೀರಿ ಬಂದ ಆಕ್ಷೇಪಣೆಗಳನ್ನು ಓದಲಾಗುವುದಿಲ್ಲ. ಅವಧಿಯೊಳಗೆ ಬಂದವುಗಳನ್ನು ಓದಲು ಪ್ರಯತ್ನಿಸಲಾಗುವುದು."

ಎರಡು ಆಕ್ಷೇಪಣೆ ಬಂದವು. ಒಂದು ಫ್ರೆಂಡ್ಲಿ ಪೈನ್ ಕಂಪನಿಯದು. ಇನ್ನೊಂದು ಊರಿನ ಒಬ್ಬ ಹೈನುಗಾರನದು: ಹತ್ತು ಗ್ಯಾಲನ್ ಎಂಬುದು ಉತ್ಪ್ರೇಕ್ಷೆ, ಹನ್ನೊಂದು ವರ್ಷದ ಯಾವ ಹಸುವೂ ಅಷ್ಟು ಕೊಡುವುದಿಲ್ಲ ಎಂದು ಅವನ ತಕರಾರು. ನಾನು ಅವನನ್ನು ಮಿಲ್ಲಿನ ಗೇಟಿಗೆ ಕರೆದೊಯ್ದು ತೋರಿಸಿದೆ. ಅವನು ನಲ್ಲಿ ತಿರುಗಿಸಿ ನೋಡಿ, ಎರಡು ಲೋಟ ಕುಡಿದು, ಆಕ್ಷೇಪಣೆ ಹಿಂತೆಗೆದುಕೊಂಡ.

ಅಕ್ಟೋಬರ್ ಹನ್ನೊಂದಕ್ಕೆ ವಿಚಾರಣೆ. ಪ್ರಾಣಿಯೇ ಸಾಕ್ಷ್ಯವಾಗಿರುವ ಮೊಕದ್ದಮೆಯನ್ನು ಹೊರಗೆ ನಡೆಸಬೇಕೆಂಬ ಹಳೆಯ ನಿಯಮವೊಂದಿದೆ. ಆದ್ದರಿಂದ ನ್ಯಾಯಾಧೀಶೆ ಗುಡ್ರುನ್ ಸ್ಟ್ರಾಂಡ್ ಅವರು ಕಪ್ಪು ನಿಲುವಂಗಿಯ ಮೇಲೆ ಉಣ್ಣೆಯ ಟೋಪಿ ಹಾಕಿಕೊಂಡು ವಾಹನ ನಿಲುಗಡೆಯಲ್ಲಿ ಮೇಜಿನ ಹಿಂದೆ ಕೂತರು. ಊರಿನವರೆಲ್ಲ ಮಡಚುವ ಕುರ್ಚಿಗಳನ್ನೂ, ಮುಚ್ಚಿದ ಪಾತ್ರೆಗಳಲ್ಲಿ ಆಲೂಗಡ್ಡೆ ಮತ್ತು ಕೊಚ್ಚಿದ ಮಾಂಸದ ಬಿಸಿ ಅಡುಗೆಯನ್ನೂ ತಂದಿದ್ದರು. ನಮ್ಮ ಕಡೆ ಸಾವಾಗಲಿ, ಮದುವೆಯಾಗಲಿ, ಜಪ್ತಿಯಾಗಲಿ, ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಮೇಜಿನ ಎದುರು ಇಂಗಾ ನಿಂತಿದ್ದಳು. ಅವಳ ಹಿಂದೆ ಸರಪಳಿಯಲ್ಲಿ ಕಟ್ಟಿದ ಒಂದು ಪುಟ್ಟ ಗಾಲಿಬಂಡಿ. ಕರಿಯುವ ಯಂತ್ರವನ್ನು ಅದರೊಳಗೆ ಕೂರಿಸಿದರೆ ವ್ಯಾನಿನಲ್ಲಿ ಜಾಗವಾಗುತ್ತದೆಂದು ವರ್ಲೀನಳ ಭಾವ ಮೇ ತಿಂಗಳಲ್ಲಿ ಮಾಡಿಕೊಟ್ಟದ್ದು.

ಕಂಪನಿಯ ಪರವಾಗಿ ರಾಜಧಾನಿಯಿಂದ ವಕೀಲ ಪ್ರೆಸ್ಕಾಟ್ ಎಲ್ಲರ್‌ಬೀ ಬಂದಿದ್ದರು. ದಿನಕ್ಕೆ ಎಂಬತ್ತು ಮೊಕದ್ದಮೆ ಗೆಲ್ಲುವವರು. ಎದುರು ಪಕ್ಷದವರು ನಿಜವಾಗಿ ಬಂದು ನಿಂತದ್ದನ್ನು ಆರು ವರ್ಷದಲ್ಲಿ ಮೊದಲ ಬಾರಿಗೆ ಕಂಡು ಅವರು ಸ್ವಲ್ಪ ಗಲಿಬಿಲಿಗೊಂಡಂತಿತ್ತು.

ನಮ್ಮ ದೇಶದ ವಕೀಲರಿಗೆ ಒಂದು ಅಭ್ಯಾಸವಿದೆ. ಅವರು ಒಂದೇ ವಾದ ಹೂಡುವುದಿಲ್ಲ. "ನನ್ನ ಕಕ್ಷಿದಾರ ಆ ಮಡಕೆ ಒಡೆದಿಲ್ಲ, ಒಡೆದಿದ್ದರೂ ಅದು ಮೊದಲೇ ಬಿರುಕುಬಿಟ್ಟಿತ್ತು, ಬಿಟ್ಟಿಲ್ಲದಿದ್ದರೂ ಅದು ಅವನದೇ ಮಡಕೆ" ಎಂದು ಮೂರನ್ನೂ ಒಟ್ಟಿಗೇ ಹೇಳುತ್ತಾರೆ. ಯಾವುದು ಹತ್ತಿದರೂ ಸರಿ. ಕಾಲೇಜಿನಲ್ಲಿ ಇದನ್ನು ಕಲಿಸಲು ಲಕ್ಷಾಂತರ ಡಾಲರ್ ತೆಗೆದುಕೊಳ್ಳುತ್ತಾರೆ.

"ಯುವರ್ ಆನರ್," ಎಂದು ಎಲ್ಲರ್‌ಬೀ ಎದ್ದರು. "ಮೊದಲನೇ ವಾದ, ಇದು ಹಸು ಅಲ್ಲ. ವ್ಯಾನ್."

"ಬರ್ಕೊಂಡೆ," ಎಂದರು ನ್ಯಾಯಾಧೀಶೆ. "ತಜ್ಞರನ್ನ ಕೇಳೋಣ."

ತಜ್ಞರೆಂದರೆ ಎಲ್ವುಡ್ ಕ್ಯೂಪರ್ಸ್. ಮೂವತ್ತು ವರ್ಷದಿಂದ ಕೌಂಟಿಯ ಜಾನುವಾರು ಪ್ರದರ್ಶನದಲ್ಲಿ ಹಸುಗಳಿಗೆ ಅಂಕ ಹಾಕುವ ಮುದುಕ. ಅವನ ಅಂಕಕ್ಕೆ ಊರಿನಲ್ಲಿ ಎರಡು ಮಾತಿಲ್ಲ. ಸ್ವಂತ ಮಗಳ ಹಸುವನ್ನು ಏಳನೇ ಸ್ಥಾನಕ್ಕೆ ತಳ್ಳಿ ಎರಡು ವರ್ಷ ಮಗಳ ಕೈಲಿ ಮಾತು ಬಿಡಿಸಿಕೊಂಡವನು. ಅವನು ಇಂಗಾಳ ಸುತ್ತ ನಿಧಾನವಾಗಿ ಎರಡು ಸುತ್ತು ಬಂದ. ಬಾಗಿ ಕೆಳಗೆ ನೋಡಿದ. ಪಕ್ಕೆ ತಟ್ಟಿದ.

"ಮೈಕಟ್ಟು ಚೆನ್ನಾಗಿದೆ. ಬೆನ್ನು ನೇರ. ಇಪ್ಪತ್ತೈದಕ್ಕೆ ಇಪ್ಪತ್ತೆರಡು ಕೊಡ್ತೀನಿ," ಎಂದ. "ಕಾಲು ಅಷ್ಟಕ್ಕಷ್ಟೆ. ಹಿಂದಿನ ಎಡಗಾಲು ಮೆತ್ತಗಾಗಿದೆ, ಗಾಳಿ ತುಂಬ್ಸಮ್ಮ. ಕೆಚ್ಚಲಂತೂ ನಾನು ಕಂಡಿದ್ರಲ್ಲೇ ಶುಚಿ. ನಾಲ್ಕು ನಲ್ಲಿ, ನಾಲ್ಕೂ ಸಮವಾಗಿ ಇಳೀತವೆ. ಒಂದರಲ್ಲಿ ಚಾಕೊಲೇಟ್ ಹಾಲು ಬರತ್ತೆ. ಅದಕ್ಕೆ ಅಂಕ ಹಾಕೋ ಕಾಲಂ ನಮ್ಮಲ್ಲಿಲ್ಲ."

"ಸರ್," ಎಂದರು ಎಲ್ಲರ್‌ಬೀ, "ದೇವರಾಣೆಗೂ ಹೇಳಿ, ಇದು ಹಸುವೇ?"

"ನೋಡಪ್ಪ, ನಾನು ಅಂಕ ಹಾಕೋನು. ಎದುರಿಗೆ ಏನು ತಂದು ನಿಲ್ಸಿದಾರೋ ಅದಕ್ಕೆ ಹಾಕ್ತೀನಿ. ಏನು ತರ್ಬೇಕು ಅನ್ನೋದು ಪ್ರದರ್ಶನ ಸಮಿತಿಯವರ ತಲೆನೋವು."

"ಎರಡನೇ ವಾದ!" ಎಂದರು ಎಲ್ಲರ್‌ಬೀ, ಸ್ವಲ್ಪ ಕೆಂಪಾಗಿ. "ಒಂದು ವೇಳೆ ಹಸುವೇ ಆದರೂ, ಅದು ಕೊಡುವ ಹಾಲು ಅದರದಲ್ಲ. ಪ್ರತಿ ಬೆಳಿಗ್ಗೆ ಅಂಗಡಿಯಿಂದ ತಂದು ಸುರಿಯುತ್ತಾರೆ."

ವರ್ಲೀನ್ ಎದ್ದು ನಿಂತಳು. "ಎಲ್ಲಾ ಹಸುಗೂ ಒಂದು ಕಡೆಯಿಂದ ಹಾಕ್ತಾರೆ, ಇನ್ನೊಂದು ಕಡೆಯಿಂದ ತೆಗೀತಾರೆ ಕಣಯ್ಯಾ. ನೀನು ಹಸು ಕಟ್ಟಿದೀಯಾ ಯಾವತ್ತಾದ್ರೂ?"

ಕೂತವರಲ್ಲಿ ಹೈನುಗಾರರು ಹೌದು ಹೌದೆಂದು ತಲೆಯಾಡಿಸಿದರು. ನ್ಯಾಯಾಧೀಶೆ ಅದನ್ನೂ ಬರೆದುಕೊಂಡರು.

ನನಗೆ ಆಗ ನಿಜಕ್ಕೂ ಭಯವಾಗಿತ್ತು. ನ್ಯಾಯಾಧೀಶೆ ಸ್ಟ್ರಾಂಡ್ ಒಳ್ಳೆಯವರು, ಆದರೆ ಕಣ್ಣು ನೆಟ್ಟಗಿರುವವರು. ಮೊದಲನೇ ವಾದವೊಂದನ್ನೇ ಹಿಡಿದುಕೊಂಡು ಎಲ್ಲರ್‌ಬೀ ಕೂತುಬಿಟ್ಟಿದ್ದರೆ ಆ ಸಂಜೆಯೇ ಇಂಗಾಳನ್ನು ಎಳೆದುಕೊಂಡು ಹೋಗುತ್ತಿದ್ದರು. ವರ್ಲೀನಳಿಗೂ ಅದು ಗೊತ್ತಿತ್ತು. ಅವಳು ಕೂತಲ್ಲೇ ಮಂಡಿ ಉಜ್ಜಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಎಲ್ಲರ್‌ಬೀ ಅವರ ಕಣ್ಣು ಹಿಂದಿನ ಗಾಲಿಬಂಡಿಯ ಮೇಲೆ ಬಿತ್ತು. ಒಳಗೆ ಕರಿಯುವ ಯಂತ್ರ, ಹೊರಗೆ ಹೊಸ ಬಣ್ಣ. ಹೇಗಾದರೂ ಎರಡು ಸಾವಿರಕ್ಕೆ ಮೋಸವಿಲ್ಲ. ವಸೂಲಿಯಾದದ್ದರಲ್ಲಿ ಮೂರನೇ ಒಂದು ಪಾಲು ವಕೀಲರಿಗೆ ಎಂಬುದು ಈ ವೃತ್ತಿಯ ಕರಾರು.

"ಮೂರನೇ ವಾದ, ಯುವರ್ ಆನರ್! ಕಾನೂನು ಕಾಪಾಡೋದು ಹಸು ಒಂದನ್ನು ಮಾತ್ರ. ಇಲ್ಲಿ ಎರಡಿವೆ. ಆ ಹಿಂದೆ ಕಟ್ಟಿರೋ ಚಿಕ್ಕದು ಬೇರೆ. ಅದನ್ನಾದರೂ ಈಗಲೇ ನಮ್ಮ ವಶಕ್ಕೆ ಕೊಡಿಸಬೇಕು."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಚಿಕ್ಕದು ಅಂದ್ರೆ?"

"ಕರು, ಯುವರ್ ಆನರ್."

"ಕರು ಅಂತ ಬರ್ಕೊಳ್ಳಲಾ?"

"ದಯವಿಟ್ಟು ಬರ್ಕೊಳ್ಳಿ."

"ಯಾರ ಕರು?"

ಎಲ್ಲರ್‌ಬೀ ಬಾಯಿ ತೆರೆದರು. ಅವರ ಕೈ ಆಗಲೇ ಇಂಗಾಳ ಕಡೆ ತೋರಿಸಿಯಾಗಿತ್ತು. ಶೀಘ್ರಲಿಪಿಯ ಹೆಂಗಸು ಅದನ್ನೂ ದಾಖಲಿಸಿಕೊಂಡಳು: ವಾದಿಯ ವಕೀಲರು ತಾಯಿಯ ಕಡೆಗೆ ಬೆರಳು ತೋರಿಸಿದರು.

"ಕರು ಹುಟ್ಟಿದ್ದು ಯಾವಾಗಮ್ಮ?" ಎಂದು ನ್ಯಾಯಾಧೀಶೆ ವರ್ಲೀನಳನ್ನು ಕೇಳಿದರು.

"ಮೇ ತಿಂಗಳು. ಹದಿನೆಂಟನೇ ತಾರೀಕು. ನಮ್ಮ ಭಾವ ಹತ್ರ ಇದ್ದ."

"ಐದು ತಿಂಗಳೂ ತುಂಬಿಲ್ಲ," ಎಂದು ಬೆರಳು ಮಡಿಚಿ ಎಣಿಸಿದರು ನ್ಯಾಯಾಧೀಶೆ. ಆಮೇಲೆ ಎದ್ದು ನಿಂತು ತೀರ್ಪು ಓದಿದರು. ಕರುವನ್ನು ವಶಕ್ಕೆ ಕೇಳಿದವರು ತಾಯಿಯನ್ನು ಅಲ್ಲಗಳೆಯುವಂತಿಲ್ಲ. ಸದರಿ ಕರು ಆರು ತಿಂಗಳೊಳಗಿನದಾದ ಕಾರಣ ತಾಯಿಯೊಂದಿಗೇ ಇರತಕ್ಕದ್ದು. ಎರಡೂ ಜಪ್ತಿಯಿಂದ ಮುಕ್ತ. ಜನ ಎದ್ದು ಚಪ್ಪಾಳೆ ಹೊಡೆದರು. ವರ್ಲೀನ್ ಇಂಗಾಳ ಮೂತಿಗೆ ಹಣೆ ಒತ್ತಿ ಅತ್ತುಬಿಟ್ಟಳು. ನನ್ನ ಕಣ್ಣಿನಲ್ಲೂ ನೀರು ಬಂತು, ಅದನ್ನು ಚಳಿಗೆಂದು ಹೇಳಿದೆ. ಎಲ್ಲರ್‌ಬೀ ಅವರಿಗೆ ಯಾರೋ ಒಂದು ತಟ್ಟೆ ಬಿಸಿ ಅಡುಗೆ ಹಾಕಿಕೊಟ್ಟರು. ಅವರು ಎರಡು ಸಲ ಹಾಕಿಸಿಕೊಂಡರು.

ತೀರ್ಪು ಬಂದ ಮೇಲೆ ಆಡಳಿತ ಯಂತ್ರ ಚುರುಕಾಗಿ ಕೆಲಸ ಮಾಡಿತು. ವಾಹನ ಇಲಾಖೆಯವರು ಹಸುವಿಗೆ ನಂಬರ್ ಪ್ಲೇಟ್ ಕೊಡಲು ಬರುವುದಿಲ್ಲವೆಂದು ಅದನ್ನು ಬಿಚ್ಚಿಕೊಂಡು ಹೋದರು. ಪಶುಸಂಗೋಪನೆಯವರು ಬಂದು ಎರಡು ಕಿವಿಯೋಲೆ ತಗುಲಿಸಿದರು, ಒಂದೊಂದು ಕನ್ನಡಿಗೆ ಒಂದೊಂದು. ಇಂಗಾಳಿಗೆ ಗಂಟಲುಬೇನೆಯ ಲಸಿಕೆ ಹಾಕಲಾಯಿತು. ಎಲ್ಲಿ ಚುಚ್ಚಿದರೆಂದು ಪ್ರಮಾಣಪತ್ರದಲ್ಲಿ ನಮೂದಾಗಿಲ್ಲ. ಹೆದ್ದಾರಿ ಪೊಲೀಸರಿಗೆ ಮಾತ್ರ ಮೊದಮೊದಲು ಇಕ್ಕಟ್ಟಾಯಿತು. ಆದರೆ ನಮ್ಮ ರಾಜ್ಯದಲ್ಲಿ ಹಸು ರಸ್ತೆ ದಾಟುವಾಗ ಎಲ್ಲ ವಾಹನಗಳೂ ನಿಲ್ಲಬೇಕೆಂಬ ಕಾನೂನಿದೆ. ಈಗ ವರ್ಲೀನ್ ಮುಂಜಾನೆ ಮಿಲ್ಲಿಗೆ ಹೊರಟರೆ ಮೂವತ್ತು ಟನ್ನಿನ ಲಾರಿಗಳು ಪಕ್ಕಕ್ಕೆ ನಿಂತು ದಾರಿ ಬಿಡುತ್ತವೆ.

ನನ್ನ ಕೌಂಟರಿನ ಮುಂದೆ ಸಾಲು ಮೆಟ್ಟಿಲು ದಾಟಿ ಬೀದಿಗೆ ಬಂತು. ನಾನು ಎಲ್ಲರಿಗೂ ಅದೇ ಸಾಲನ್ನು ಓದಿದೆ. ಡಿಸೆಂಬರ್ ಅಂತ್ಯಕ್ಕೆ ಕೌಂಟಿಯಲ್ಲಿ ಎರಡು ಸಾವಿರದ ನೂರಾ ಆರು ಹಸುಗಳು ದಾಖಲಾದವು. ಅವುಗಳಲ್ಲಿ ಮುನ್ನೂರ ಹನ್ನೆರಡು ಹುಲ್ಲು ತಿನ್ನುತ್ತವೆ. ಹೈನುಗಾರರ ಸಂಘದವರು ಸದಸ್ಯತ್ವದ ಹಣ ಏಳು ಪಟ್ಟಾದುದಕ್ಕೆ ಹರ್ಷ ವ್ಯಕ್ತಪಡಿಸಿದರು. ಇಷ್ಟು ಹಸುಗಳಿದ್ದೂ ಹಾಲು ಯಾಕೆ ಹೆಚ್ಚಲಿಲ್ಲವೆಂದು ತಿಳಿಯಲು ರಾಜಧಾನಿಯಲ್ಲಿ ಸಮಿತಿಯೊಂದು ರಚನೆಯಾಯಿತು. ಅದರ ಮಧ್ಯಂತರ ವರದಿ ಮೇವಿನ ಗುಣಮಟ್ಟವನ್ನು ದೂರಿದೆ.

ಸಾಲ ಹಾಗೇ ಇದೆ ಎಂಬುದನ್ನು ಹೇಳಬೇಕು. ಕಾನೂನು ಹಸುವನ್ನು ಕಾಪಾಡಿತು. ಸಾಲವನ್ನು ಅಳಿಸುವುದು ಅದರ ಕೆಲಸವಲ್ಲ. ಫ್ರೆಂಡ್ಲಿ ಪೈನ್‌ನ ಹುಡುಗಿ ಈಗಲೂ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಫೋನ್ ಮಾಡುತ್ತಾಳೆ. ಮೊದಲು ವರ್ಲೀನಳ ಆರೋಗ್ಯ ವಿಚಾರಿಸುತ್ತಾಳೆ, ಆಮೇಲೆ ಇಂಗಾಳದು.

ಕ್ರಿಸ್‌ಮಸ್ಸಿನ ಹಿಂದಿನ ವಾರ ವರ್ಲೀನಳಿಗೆ ಬೇರೊಂದು ಬ್ಯಾಂಕಿನಿಂದ ದಪ್ಪನೆಯ ಲಕೋಟೆ ಬಂತು. "ಅಭಿನಂದನೆಗಳು! ನಿಮಗೆ ಕಾರ್ಡ್ ಈಗಾಗಲೇ ಮಂಜೂರಾಗಿದೆ." ರೈತ ಕುಟುಂಬಗಳಿಗಾಗಿ ವಿಶೇಷ ಕಾರ್ಡಂತೆ. ಹಸಿರು ಹುಲ್ಲಿನ ಮೇಲೆ ಕಪ್ಪು ಬಿಳುಪಿನ ಹಸುವಿನ ಚಿತ್ರ, ಬಡ್ಡಿ ನೂರಕ್ಕೆ ಇಪ್ಪತ್ತೊಂಬತ್ತು ಚಿಲ್ಲರೆ. ಚಿತ್ರ ಚೆಂದವಿದೆ ಎಂದು ಅವಳು ಪರ್ಸಿನಲ್ಲಿಟ್ಟುಕೊಂಡಳು.

ಜನವರಿ ಒಂಬತ್ತರಂದು ಬೆಳಿಗ್ಗೆ ಉಷ್ಣತೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದಿತ್ತು. ಮಿಲ್ಲಿನ ಗೇಟಿಗೆ ಬಂದು ಒಮ್ಮೆ ನಿಂತ ಇಂಗಾ ಮತ್ತೆ ಏಳಲೊಲ್ಲಳು. ವರ್ಲೀನ್ ಕೀಲಿ ತಿರುಗಿಸಿದರೆ ಒಂದು ಸಣ್ಣ ನರಳಾಟ, ಅಷ್ಟೇ. ಹಾಲಿನ ನಲ್ಲಿಗಳು ಹೆಪ್ಪುಗಟ್ಟುತ್ತಿದ್ದವು. ಸರದಿಯಲ್ಲಿ ನಿಂತಿದ್ದ ಇಪ್ಪತ್ತು ಜನರಲ್ಲಿ ಯಾರೊಬ್ಬರೂ ಬ್ಯಾಟರಿ ಎಂಬ ಮಾತು ಎತ್ತಲಿಲ್ಲ. ಮೂವರು ಒಟ್ಟಿಗೆ ಪಶುವೈದ್ಯ ಡಾಕ್ಟರ್ ಲಿಂಡ್‌ಕ್ವಿಸ್ಟ್ ಅವರಿಗೆ ಫೋನ್ ಮಾಡಿದರು. ಎದುರಿಗೇ ಗ್ಯಾರೇಜ್ ಇತ್ತು, ಮೆಕ್ಯಾನಿಕ್ ಬಾಗಿಲಲ್ಲೇ ನಿಂತಿದ್ದ, ಆದರೆ ಪರವಾನಗಿ ಇಲ್ಲದೆ ಜಾನುವಾರಿಗೆ ಚಿಕಿತ್ಸೆ ಮಾಡಿದರೆ ಜೈಲು.

ಡಾಕ್ಟರ್ ಲಿಂಡ್‌ಕ್ವಿಸ್ಟ್ ಹತ್ತು ನಿಮಿಷದಲ್ಲಿ ಬಂದರು. ಚೀಲದಿಂದ ಕಿವಿಕೊಳವೆ ತೆಗೆದು ಬಾನೆಟ್ಟಿಗೆ ಒತ್ತಿ ಆಲಿಸಿದರು.

"ಎಷ್ಟೊತ್ತಿಂದ ಹೀಗೆ?"

"ಐದು ಗಂಟೆಯಿಂದ ಡಾಕ್ಟ್ರೇ," ಎಂದಳು ವರ್ಲೀನ್. ಅವಳ ಕೈ ಬಾನೆಟ್ಟಿನ ಮೇಲೇ ಇತ್ತು. "ಇಲ್ಲಿಗೆ ಬರೋವರೆಗೂ ಚೆನ್ನಾಗಿದ್ಲು. ಮೇವೂ ಪೂರ್ತಿ ಹಾಕಿದ್ದೆ."

"ಹೆದರಬೇಡಿ. ಈ ವಯಸ್ಸಲ್ಲಿ ಚಳಿ ತಡೆಯಲ್ಲ. ಹೃದಯ ಬದಲಾಯಿಸ್ಬೇಕು, ಗಾಡಿಯಲ್ಲಿ ಹೊಸದು ಇಟ್ಕೊಂಡೇ ಬಂದಿದೀನಿ."

ನಾವೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತೆವು. ಅಷ್ಟು ಚಳಿಯಲ್ಲಿ ಟೋಪಿ ತೆಗೆಯಬಾರದು, ಆದರೂ ತೆಗೆದೆವು. ಶಸ್ತ್ರಚಿಕಿತ್ಸೆಗೆ ಹನ್ನೆರಡು ನಿಮಿಷ ಹಿಡಿಯಿತು. ವರ್ಲೀನ್ ಕೀಲಿ ತಿರುಗಿಸಿದಳು. ಇಂಗಾ ಕೆಮ್ಮಿದಳು, ನಡುಗಿದಳು, ಎದ್ದಳು. ಹೊಗೆ ಬಂತು. ಗಡ್ಡದಲ್ಲಿ ಮಂಜು ಕಟ್ಟಿದ್ದ ಲಾರಿ ಡ್ರೈವರ್ ಒಬ್ಬ ನನ್ನನ್ನು ತಬ್ಬಿಕೊಂಡ. ಅವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಡಾಕ್ಟರು ಬಿಲ್ಲು ಬರೆದರು: ಸ್ಥಳಕ್ಕೆ ಭೇಟಿ, ಹೃದಯ ಒಂದು, ತೆರಿಗೆ ಸೇರಿ ಮುನ್ನೂರ ನಲವತ್ತು ಡಾಲರ್. ವರ್ಲೀನ್ ಪರ್ಸು ತೆರೆದು ಹುಲ್ಲಿನ ಮೇಲೆ ಹಸು ನಿಂತಿರುವ ಕಾರ್ಡನ್ನು ತೆಗೆದುಕೊಟ್ಟಳು. ಡಾಕ್ಟರು ಚಿತ್ರ ನೋಡಿ, "ಒಳ್ಳೇ ತಳಿ," ಎಂದು ಯಂತ್ರದಲ್ಲಿ ಉಜ್ಜಿದರು. ಚೀಟಿ ಬಂತು, ಎಲ್ಲರಿಗೂ ಬಿಸಿ ಕಾಫಿ ಬಂತು. ನಾನು ನನ್ನ ದಾಲ್ಚಿನ್ನಿ ಡೋನಟ್ ತೆಗೆದುಕೊಂಡು ಕಚೇರಿಗೆ ಹೋಗಿ ಒಂದು ಹೊಸ ಕಡತ ತೆರೆದು, ಮೇಲೆ ವರ್ಲೀನಳ ಹೆಸರು ಬರೆದು, ಹದಿನೆಂಟು ತಿಂಗಳ ನಂತರ ನೋಟೀಸು ಬಂದಾಗ ಬೇಕಾಗುವ ಕಡತಗಳ ಜೊತೆಗಿಟ್ಟೆ.